ನನ್ನ ದನಿಗೆ ಮಾತ್ರ ವೇಗದ ಗುಂಡಿ

ನನ್ನ ಗಂಡ ದಿನಾ ಮಧ್ಯಾಹ್ನ ಊಟ ಮುಗಿಸಿ ಇನ್ನೊಬ್ಬ ಹೆಂಗಸಿನ ದನಿ ಕೇಳುತ್ತಾ ನಿದ್ದೆ ಹೋಗುತ್ತಿದ್ದರು. ಕಾಲು ಗಂಟೆ ಕಳೆದರೆ ತಾನೇ ನಿಲ್ಲಬೇಕೆಂದು ಯಂತ್ರಕ್ಕೆ ಹೇಳಿಟ್ಟು, ಅದನ್ನು ಎದೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಮೆತ್ತಗೆ ಹಿಡಿದು ಮಲಗುತ್ತಿದ್ದರು. ನಾನು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ, ತೊಳೆದದ್ದನ್ನು ಬೇಕೆಂದೇ ಕುಕ್ಕಿ ಇಡುತ್ತಿದ್ದೆ. ಅವರಿಗೆ ಎಚ್ಚರವಾಗಲಿ ಅಂತಲ್ಲ. ಆ ಹೆಂಗಸಿಗೆ ಕೇಳಲಿ ಅಂತ.

ಅವಳು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ, ರೆಕಾರ್ಡ್ ಮಾಡಿ ಕೊಡುವ ಸಂಸ್ಥೆಯೊಂದು ಮೈಸೂರಿನಲ್ಲಿದೆ. ಬಿಡುವಿರುವ ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಓದಿ ಅಲ್ಲಿಗೆ ಕಳಿಸುತ್ತಾರಂತೆ. ಇವರ ಕಣ್ಣಿನ ಡಾಕ್ಟರು ಆ ಸಂಸ್ಥೆಯ ವಿಳಾಸ ಕೊಟ್ಟರು, ಸಂಸ್ಥೆಯವರು ಯಂತ್ರ ಕೊಟ್ಟರು, ಯಂತ್ರದೊಳಗೆ ಅವಳಿದ್ದಳು.

ಯಂತ್ರ ಬರುವ ಮೊದಲು ಓದುತ್ತಿದ್ದವಳು ನಾನು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ಇವರ ದೃಷ್ಟಿ ಅಂಚಿನಿಂದ ಸುಟ್ಟುಕೊಂಡು ಬಂದ ಹಾಗೆ ಹೋಯಿತು. ಕೊನೆಗೆ ಬಾಗಿಲಲ್ಲಿ ಬೆಳಕಿದೆಯೋ ಇಲ್ಲವೋ ಎಂಬುದಷ್ಟೇ ಉಳಿಯಿತು. ಅಂದಿನಿಂದ ಬೆಳಿಗ್ಗೆ ಪೇಪರು, ಮಧ್ಯಾಹ್ನ ಕಾದಂಬರಿ, ಎರಡೂ ನನ್ನ ಪಾಲಿಗೆ. ಜಗಲಿಯ ಮೇಲೆ ಕೂತು ಓದುವುದು. ಅದನ್ನು ಓದುವುದು ಎನ್ನಬಹುದೋ ಇಲ್ಲವೋ ಗೊತ್ತಿಲ್ಲ. ನಾಲ್ಕು ಸಾಲು ಓದುವಷ್ಟರಲ್ಲಿ ಕಣದಲ್ಲಿ ಹರಡಿದ ಕಾಫಿಗೆ ಕೋಳಿ ನುಗ್ಗುತ್ತಿತ್ತು, ಅದನ್ನು ಅಟ್ಟಬೇಕು. ಕಾಫಿ ಪಿಕ್ಕಿಂಗಿಗೆ ಬಂದ ಹೆಂಗಸರು ನೀರು ಕೇಳುತ್ತಾರೆ, ಎದ್ದು ಕೊಡಬೇಕು. ನಾಯಿ ಸುಮ್ಮನೆ ಬೊಗಳುತ್ತದೆ, ಅದಕ್ಕೆ ಬೈಯಬೇಕು. ಇವೆಲ್ಲದರ ನಡುವೆ ಕಥೆಯಲ್ಲಿ ಯಾವನೋ ಅಯೋಗ್ಯ ಮಾಡಬಾರದ್ದು ಮಾಡಿರುತ್ತಾನೆ. ಅವನಿಗೂ ಬೈಯದೆ ಮುಂದಿನ ಸಾಲಿಗೆ ಹೋಗಲು ನನ್ನಿಂದ ಆಗುವುದಿಲ್ಲ.

ಇವರು ಮಡಿಕೇರಿ ಕಡೆಯ ಅರೆಭಾಷೆ ಗೌಡರು, ನಾನು ಶನಿವಾರಸಂತೆ ಕಡೆಯವಳು, ನಮ್ಮದು ಹಾಸನದ ಗಾಳಿಯ ಮಾತು. ಮದುವೆಯಾದ ಮೇಲೆ ಇಬ್ಬರೂ ಸೇರಿ ನಡುವಿನದೊಂದು ಕನ್ನಡ ಮಾಡಿಕೊಂಡಿದ್ದೇವೆ. ಪುಸ್ತಕದ ಕನ್ನಡ ನನ್ನ ಬಾಯಲ್ಲಿ ಅರ್ಧ ನಮ್ಮೂರಿನದಾಗಿ ಬರುತ್ತಿತ್ತು. ಇವರು ನಗುತ್ತಿದ್ದರು. "ಕಥೆ ನಡೆಯೋದು ಧಾರವಾಡದಲ್ಲಿ, ಜನ ಮಾತಾಡೋದು ನಿನ್ನ ತವರುಮನೆಯವರ ಹಾಗೆ" ಎನ್ನುತ್ತಿದ್ದರು. ನಾನು ಪುಸ್ತಕ ಮುಚ್ಚಿ, "ಬೇಕಾದರೆ ಕೇಳಿ, ಬೇಡದಿದ್ದರೆ ಬಿಡಿ" ಎನ್ನುತ್ತಿದ್ದೆ. ಅವರು ಬಿಡುತ್ತಿರಲಿಲ್ಲ.

ಯಂತ್ರ ಬಂದದ್ದು ಮಳೆಗಾಲ ಶುರುವಾಗುವ ಹೊತ್ತಿಗೆ. ಸೋಪಿನ ಡಬ್ಬಿಯಷ್ಟು ದೊಡ್ಡದು, ಮೈತುಂಬ ಗುಂಡಿ. ಒಂದೊಂದು ಗುಂಡಿಯ ಮೇಲೂ ಬೆರಳಿಗೆ ತಿಳಿಯುವ ಉಬ್ಬು. ಒತ್ತಿದರೆ ಇಂಗ್ಲಿಷಿನಲ್ಲಿ ತಾನು ಏನು ಮಾಡಿದೆನೆಂದು ಹೇಳುತ್ತದೆ. ಡೈಸಿ ಎಂಬ ರೂಪದಲ್ಲಿ ಮಾಡಿದ ಪುಸ್ತಕವಾದರೆ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಹಾರಬಹುದು. ನಿಲ್ಲಿಸಿ ಒಂದು ವಾರ ಬಿಟ್ಟು ಬಂದರೂ ನಿಲ್ಲಿಸಿದ ಮಾತಿನಿಂದಲೇ ಮುಂದುವರಿಯುತ್ತದೆ. ಇಷ್ಟವಾದ ಜಾಗದಲ್ಲಿ ಗುರುತು ಹಾಕುವ ಗುಂಡಿಯೊಂದು. ದನಿಯನ್ನು ವೇಗ ಮಾಡುವುದಕ್ಕೆ ಒಂದು, ನಿಧಾನ ಮಾಡುವುದಕ್ಕೆ ಇನ್ನೊಂದು. ಇವರು ಎರಡೇ ದಿನದಲ್ಲಿ ಎಲ್ಲ ಕಲಿತರು. ನಮ್ಮ ವಾಷಿಂಗ್ ಮೆಷಿನ್ನಿನ ಒಂದೇ ಗುಂಡಿ ಇಷ್ಟು ವರ್ಷವಾದರೂ ಕಲಿಯದ ಮನುಷ್ಯ.

ಅವಳ ದನಿ ಚೆನ್ನಾಗಿತ್ತು. ಇದನ್ನು ಹೇಳಲು ನನಗೇನೂ ಸಂತೋಷವಿಲ್ಲ. ತೊಳೆದು ಒಣಗಿಸಿ ಮಡಿಚಿಟ್ಟ ಬಟ್ಟೆಯಂತೆ ಒಂದು ಸುಕ್ಕಿಲ್ಲದ ದನಿ. ಉಸಿರು ತೆಗೆದುಕೊಳ್ಳುವುದು ಕೇಳುವುದಿಲ್ಲ. ಯಾವ ಊರಿನವಳೆಂದು ಹೇಳಲು ಬರುವುದಿಲ್ಲ, ಊರೇ ಇಲ್ಲದ ಕನ್ನಡ. ಕಥೆಯೊಳಗೆ ಅಯೋಗ್ಯ ಏನೇ ಮಾಡಲಿ, ಅವಳು ಅದೇ ಸಮಾಧಾನದಿಂದ ಮುಂದಿನ ಸಾಲಿಗೆ ಹೋಗುತ್ತಿದ್ದಳು.

"ಎಂತ ಚಂದ ಓದ್ತಾಳೆ ಮಾರಾಯ್ತಿ" ಎಂದರು ಇವರು ಮೊದಲ ದಿನ.

"ಹೂಂ" ಎಂದೆ.

ಎರಡನೇ ದಿನ ಕರಿಮೆಣಸಿನ ವ್ಯಾಪಾರಕ್ಕೆ ಬಂದವರಿಗೂ ಕೇಳಿಸಿದರು. ಅವರೂ ತಲೆದೂಗಿದರು. ನಾನು ಅವರಿಗೆ ಕೊಟ್ಟ ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತೆ, ನೆನಪಾದ ಮೇಲೂ ಹೋಗಿ ಹಾಕಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ದೂರದ ಬೆಟ್ಟ ನುಣ್ಣಗೆ. ಗಾದೆ ಮಾಡಿದವರು ನಮ್ಮ ಮನೆಯ ಜಗಲಿಯಲ್ಲಿ ಕೂತೇ ಮಾಡಿರಬೇಕು.

ಹೊಟ್ಟೆಗೆ ನಿಜವಾಗಿ ಬೆಂಕಿ ಬಿದ್ದದ್ದು ಆಮೇಲೆ. ನಾನು ಆಗ ಒಂದು ದಪ್ಪ ಕಾದಂಬರಿ ಓದಿ ಹೇಳುತ್ತಿದ್ದೆ. ಒಬ್ಬ ವಿಧವೆ, ಅವಳ ಮೂವರು ಮೈದುನರು, ನಡುವೆ ಒಂದು ಮನೆ. ಎರಡು ಭಾಗದ ಪುಸ್ತಕ, ಮೊದಲ ಭಾಗದ ಅರ್ಧಕ್ಕೆ ಬಂದಿದ್ದೆವು. ಆ ಮೊದಲ ಭಾಗ ಅವಳ ದನಿಯಲ್ಲಿ ಯಂತ್ರದೊಳಗೂ ಇತ್ತು. ಉಳಿದರ್ಧವನ್ನು ಅಲ್ಲಿ ಕೇಳುತ್ತಾರೆ ಅಂದುಕೊಂಡೆ. ಇವರು ಮೊದಲ ಅಧ್ಯಾಯದಿಂದ ಮತ್ತೆ ಶುರುಮಾಡಿದರು.

"ನಾನು ಅಲ್ಲೀತನಕ ಓದಿದ್ದೆನಲ್ಲ?" ಎಂದೆ.

"ಮೊದಲಿಂದ ಕೇಳೋಣ ಅಂತ ಕಂಡಿತು, ಅಷ್ಟೆ."

ಅಷ್ಟೆ. ಜಗಲಿಯಲ್ಲಿ ಗಂಟಲು ಒಣಗಿಸಿಕೊಂಡು ಓದಿದ್ದೆಲ್ಲ ನೀರಿಗೆ ಹೋಯಿತು ಅಂದುಕೊಂಡೆ. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಅವಳನ್ನು ಕೇಳುವಂತೆ ಈ ಮನುಷ್ಯ ನನ್ನನ್ನೂ ಕೇಳಬೇಕು, ಒಂದೇ ಒಂದು ಮಧ್ಯಾಹ್ನ.

ದಾರಿ ತಾನಾಗಿಯೇ ಸಿಕ್ಕಿತು. ಕಾದಂಬರಿಯ ಎರಡನೇ ಭಾಗವನ್ನು ಸಂಸ್ಥೆಯಲ್ಲಿ ಯಾರೂ ಓದಿರಲಿಲ್ಲ. ಅವಳು ಮೊದಲ ಭಾಗವನ್ನು ಮುಗಿಸಿ, ಆ ವಿಧವೆಯನ್ನು ಹೊಸ್ತಿಲ ಮೇಲೆ ನಿಲ್ಲಿಸಿ ಹೋಗಿಬಿಟ್ಟಿದ್ದಳು. ಎರಡನೇ ಭಾಗ ನಮ್ಮ ಕಪಾಟಿನಲ್ಲಿತ್ತು.

"ಓದ್ತೀಯಾ?" ಎಂದು ಇವರು ಕೇಳಿದರು.

"ಓದಲ್ಲ. ರೆಕಾರ್ಡ್ ಮಾಡಿ ಕೊಡ್ತೀನಿ. ಯಂತ್ರದಲ್ಲೇ ಕೇಳಿ."

"ಅದೆಂತಕ್ಕೆ? ನೀನು ಇಲ್ಲೇ ಉಂಟಲ್ಲ."

ಇಲ್ಲೇ ಇರುವವಳ ಬೆಲೆ ಎಷ್ಟೆಂದು ನೋಡಿಯಾಗಿತ್ತು. ನಾನು ಕಾಫಿ ಮೂಟೆ ಇಡುವ ಕೋಣೆ ಸೇರಿದೆ. ಸುತ್ತ ಗೋಣಿ ಇದ್ದರೆ ದನಿ ಗುಂಯ್ ಎನ್ನುವುದಿಲ್ಲವೆಂದು ಎಲ್ಲೋ ಕೇಳಿದ್ದೆ. ನಾಯಿಯನ್ನು ತೋಟದಾಚೆ ಕಟ್ಟಿದೆ. ಕೋಳಿಗಳನ್ನು ಗೂಡಿಗೆ ತುಂಬಿದೆ. ಕುಕ್ಕರ್ ಇಡಲಿಲ್ಲ, ಬಾಗಿಲು ಹಾಕಿ ಚಿಲಕ ಜಡಿದೆ. ಫೋನನ್ನು ಮೂಟೆಗೆ ಒರಗಿಸಿಟ್ಟು ಅವಳಂತೆಯೇ ಓದಿದೆ. ನಮ್ಮೂರಿನ ಒಂದು ಅಕ್ಷರ ಬಾಯಿಗೆ ಬಾರದ ಹಾಗೆ, ಉಸಿರು ಕೇಳದ ಹಾಗೆ, ಹಿರಿಯ ಮೈದುನ ಆ ಹೆಂಗಸಿನ ಒಡವೆ ಅಡವಿಟ್ಟಾಗಲೂ ಹಲ್ಲು ಕಚ್ಚಿ ಸಮಾಧಾನದಿಂದ. ತಪ್ಪಿದರೆ ಅಧ್ಯಾಯವನ್ನೇ ಮೊದಲಿಂದ. ಹೊರಗೆ ಬಂದಾಗ ಬೆನ್ನೆಲ್ಲ ಬೆವರು.

ಎಲ್ಲವನ್ನೂ ಕಾರ್ಡಿಗೆ ತುಂಬಿಸಿ ಯಂತ್ರಕ್ಕೆ ಹಾಕಿ ಇವರ ಕೈಗೆ ಕೊಟ್ಟೆ. ಯಂತ್ರದೊಳಗಿನ ಇಂಗ್ಲಿಷಿನವಳು "ನೋ ಬುಕ್ಸ್" ಎಂದಳು. ತೆಗೆದು ಮತ್ತೆ ಹಾಕಿದೆ. "ನೋ ಬುಕ್ಸ್." ಅಲ್ಲಿಗೆ ಯಂತ್ರವೂ ಆ ಓದುವವಳ ಪರ ಎಂದಾಯಿತು.

"ಯಂತ್ರ ಸರಿ ಇಲ್ಲ" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಇವರು. ಆ ದಿನ ಅವರಿಗೆ ನಿನ್ನೆಯ ಸಾರೇ ಗತಿಯಾಯಿತು.

ಮಡಿಕೇರಿಗೆ ಬಸ್ಸು ಹತ್ತಿ ಮೊಬೈಲ್ ಅಂಗಡಿಗೆ ಹೋದೆ. ಅಲ್ಲಿ ಕೂತಿದ್ದ ಹೆಂಗಸು ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದಳು. "ಅಕ್ಕಾ, ನಿಮ್ಮ ಫೋನು ಎಂ-ಫೋರ್-ಎ ಅನ್ನೋ ಥರದಲ್ಲಿ ಸೇವ್ ಮಾಡ್ತದೆ. ಈ ಪ್ಲೇಯರಿಗೆ ಎಂಪಿ-ತ್ರೀ, ವೇವ್, ಡೈಸಿ ಮೂರೇ ಗೊತ್ತಿರೋದು. ಬೇರೆಯದನ್ನ ಅದು ಕಂಡರೂ ಕಾಣದ ಹಾಗೆ ಇರ್ತದೆ. ಎಂಪಿ-ತ್ರೀಗೆ ತಿರುಗಿಸಿ ಕೊಡ್ತೇನೆ, ಕೂತ್ಕೊಳ್ಳಿ." ನಾನು ಕೂತೆ. ಶನಿವಾರಸಂತೆಯಿಂದ ಈ ಕಡೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಏನು ಹೇಳಿದರೂ ಅತ್ತೆಗೆ ಹೀಗೇ ಕೇಳಿಸುತ್ತಿರಲಿಲ್ಲ. ಅವರ ಮಾತಿನಲ್ಲಿ ಹೇಳಿದಾಗ ಮಾತ್ರ ತಿರುಗಿ ನೋಡುತ್ತಿದ್ದರು. ಈ ವಯಸ್ಸಿನಲ್ಲಿ ಮತ್ತೊಮ್ಮೆ ಅದೇ ಕೆಲಸ.

ಮನೆಗೆ ಬಂದು ಹಾಕಿದರೆ ಯಂತ್ರ ಒಪ್ಪಿತು. ನನ್ನ ದನಿ ಜಗಲಿಯಲ್ಲಿ ಹರಡಿತು. ನಾನು ಅಡಿಗೆಮನೆಯ ಕಿಟಕಿಯ ಹಿಂದೆ ನಿಂತೆ, ಕೈಯಲ್ಲಿ ಸೌಟು. ಚೆನ್ನಾಗಿಯೇ ಓದಿದ್ದೆ. ಯಾರಾದರೂ ಮೈಸೂರಿನವರು ಓದಿದ್ದು ಅನ್ನಬೇಕು, ಅಷ್ಟು ಚೆನ್ನಾಗಿ.

ಆಗ ಯಂತ್ರದ ಇಂಗ್ಲಿಷಿನವಳು "ಸ್ಪೀಡ್ ಪ್ಲಸ್ ಒನ್" ಎಂದಳು. ನನ್ನ ದನಿ ದಡದಡ ನಡೆಯತೊಡಗಿತು. ತುಸು ಹೊತ್ತಿಗೆ "ಸ್ಪೀಡ್ ಪ್ಲಸ್ ಟೂ". ಆಮೇಲೆ "ಪ್ಲಸ್ ತ್ರೀ". ನಾನು ಉಸಿರು ಹಿಡಿದು ಓದಿದ್ದೆಲ್ಲ ಮೊಟ್ಟೆಯಿಟ್ಟ ಕೋಳಿಯ ಕೊಕ್ಕೊಕ್ಕೋ ಆಗಿ ಅಂಗಳ ದಾಟಿ ಹೋಯಿತು. ಅವಳ ದನಿಗೆ ಆ ಗುಂಡಿಯನ್ನು ಇವರು ಒಮ್ಮೆಯೂ ಒತ್ತಿರಲಿಲ್ಲ.

ಸೌಟು ಹಿಡಿದುಕೊಂಡೇ ಹೋದೆ. "ಯಾಕ್ರೀ, ಅಷ್ಟು ಅವಸರ?"

"ಮುಂದೆ ಎಂತ ಆಗ್ತದೆ ಅಂತ ನೋಡ್ಬೇಕಲ್ಲ."

"ಅವಳದ್ದಕ್ಕೆ ಯಾಕೆ ಒತ್ತಲ್ಲ?"

"ಅವಳದ್ದು ಬೇರೆ" ಎಂದರು.

ಆ ಬೇರೆ ಎನ್ನುವ ಮಾತನ್ನು ನಾನು ಬಹಳ ದಿನ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಅನ್ನಕ್ಕೆ ಅಕ್ಕಿ ಆರಿಸುವಾಗ ಬೇರೆ, ಹಟ್ಟಿ ಗುಡಿಸುವಾಗ ಬೇರೆ. ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಮುಖ ಕಾಣದ ಗಂಡನಿಗೆ ಮುಖದಿಂದ ಏನಾಗಬೇಕು, ಇದ್ದದ್ದು ದನಿಯೊಂದೇ, ಅದೂ ಹೋಯಿತು. ಅವಳ ಮೇಲೆ ಬಂದ ಸಿಟ್ಟು ಎಷ್ಟೆಂದರೆ, ಅವಳಿಗೆ ಒಂದು ವಾರ ನೆಗಡಿಯಾಗಲಿ ಎಂದು ಹರಸಿದ್ದೂ ಉಂಟು.

ಹೀಗಿರುವಾಗ ಕೈಲ್ ಮುಹೂರ್ತ ಬಂತು. ನಾಟಿ ಮುಗಿದ ಮೇಲೆ ಕೋವಿ, ಕತ್ತಿ, ಗುದ್ದಲಿಗಳಿಗೆ ಮಾಡುವ ಪೂಜೆ. ಮನೆಯ ಆಯುಧಗಳನ್ನೆಲ್ಲ ಹಿಂದಿನ ದಿನವೇ ಐನ್‌ಮನೆಯ ನೆಲ್ಲಕ್ಕಿಯಲ್ಲಿ, ಅಂದರೆ ಕುಟುಂಬದ ಹಳೆಮನೆಯ ದೀಪದ ಕೋಣೆಯಲ್ಲಿ, ಸಾಲಾಗಿ ಇಡುತ್ತಾರೆ. ಪೂಜೆಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಈಗ ಕತ್ತಿಯ ಪಕ್ಕದಲ್ಲಿ ಹುಲ್ಲು ಹೊಡೆಯುವ ಮೆಷಿನ್ನೂ ಇರುತ್ತದೆ. ಈ ಸಲ ಇವರು ಜೇಬಿನಿಂದ ಯಂತ್ರ ತೆಗೆದು ಅಣ್ಣನ ಕೈಗೆ ಕೊಟ್ಟರು. "ಇದನ್ನೂ ಇಡು. ನನ್ನದು ಈಗ ಇದೇ ಕೋವಿ." ಭಾವ ಅದನ್ನು ಕೋವಿಯ ಪಕ್ಕದಲ್ಲಿಟ್ಟರು.

ಅವಳು ನೆಲ್ಲಕ್ಕಿಯಲ್ಲಿ ಬಂದಿ. ನನಗೆ ಅದಕ್ಕಿಂತ ದೊಡ್ಡ ಹಬ್ಬ ಬೇಕಿರಲಿಲ್ಲ. ಪುಸ್ತಕವನ್ನು ಚೀಲದಲ್ಲಿ ತಂದೇ ಇದ್ದೆ. ಮರುದಿನ ಬೆಳಿಗ್ಗೆ, ಹೆಂಗಸರು ಕಡುಬಿನ ಹಿಟ್ಟು ಉಂಡೆ ಕಟ್ಟುತ್ತಿದ್ದಾಗ ಮೆಲ್ಲಗೆ ತಪ್ಪಿಸಿಕೊಂಡು ಬಂದು ಇವರ ಪಕ್ಕ ಕೂತು ಓದಿದೆ. ಕೋಣೆಯಲ್ಲಿ ಅಭ್ಯಾಸ ಮಾಡಿದ ದನಿಯಲ್ಲೇ, ಒಂದು ಸುಕ್ಕಿಲ್ಲದೆ.

ಇವರು ಕಿವಿ ಕೊಟ್ಟು ಕೇಳಿ, "ಗಂಟಲು ಸರಿ ಇಲ್ವಾ ನಿಂಗೆ?" ಎಂದರು.

ಪುಸ್ತಕ ಮಡಿಚಿ ಕಡುಬಿನ ಕಡೆ ಹೋದೆ.

ಪೂಜೆ ಮಾಡುವ ನಮ್ಮ ಭಾವನದು ಧಾರಾಳ ಕೈ. ಕೋವಿಯ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ, ಪ್ರತಿಯೊಂದಕ್ಕೂ ಮೂರು ಬೆರಳಿನಲ್ಲಿ ಗಂಧ ಮೆತ್ತಿದರು. ಕೋವಿಗೆ ಮೆತ್ತಿದಷ್ಟೇ ಯಂತ್ರಕ್ಕೂ ಮೆತ್ತಿದರು. ಹಂದಿ ಸಾರು, ಕಡುಬು ಉಂಡು ಮನೆಗೆ ಬರುವ ಹೊತ್ತಿಗೆ ಗಂಧ ಒಣಗಿ ಗಟ್ಟಿಯಾಗಿತ್ತು. ಇವರು ಆಸೆಯಿಂದ ಗುಂಡಿ ಒತ್ತಿದರು.

ಅವಳು ಕೊಕ್ಕೊಕ್ಕೋ ಎಂದಳು.

ವೇಗದ ಗುಂಡಿ ಗಂಧದಲ್ಲಿ ಒತ್ತಿ ಕಚ್ಚಿಕೊಂಡುಬಿಟ್ಟಿತ್ತು. ಏನು ಮಾಡಿದರೂ ಮೇಲೇಳಲಿಲ್ಲ. ಊರಿಲ್ಲದ ಕನ್ನಡ, ಸುಕ್ಕಿಲ್ಲದ ಬಟ್ಟೆ, ಎಲ್ಲ ಗಾಳಿಗೆ ಹಾರಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಾನು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಈಚೆಗೆ ಅಷ್ಟು ಚೆನ್ನಾಗಿ ನಕ್ಕ ನೆನಪಿಲ್ಲ.

ಬೆಳಿಗ್ಗೆ ಮಾತ್ರ ಇವರ ಮುಖ ನೋಡಲಾಗಲಿಲ್ಲ. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. "ಕೊಡಿ ಇಲ್ಲಿ" ಎಂದು ತೆಗೆದುಕೊಂಡೆ. ಒದ್ದೆ ಹತ್ತಿ, ಹಿಡಿಸೂಡಿ ಪೊರಕೆಯ ಒಂದು ಕಡ್ಡಿ ಹಿಡಿದು ಗುಂಡಿಗಳ ಸಂದಿಯ ಗಂಧ ಕೆರೆಯತೊಡಗಿದೆ. ಕೆರೆಯುವಾಗ ಯಾವುದೋ ಗುಂಡಿ ಒತ್ತಿಹೋಯಿತು. "ಬುಕ್‌ಮಾರ್ಕ್ ಒನ್" ಎಂದಿತು ಯಂತ್ರ. ಇವರು ಗುರುತು ಹಾಕಿಟ್ಟ ಜಾಗ.

ಕಡ್ಡಿಯನ್ನು ಇನ್ನೂ ಒತ್ತಿ ಕೆರೆದೆ. ಅವಳ ಯಾವ ಮಾತಿಗೆ ಇವರು ಅಷ್ಟು ಮರುಳಾದರು ಎಂಬುದು ಈಗ ಗೊತ್ತಾಗುತ್ತದೆ. ಯಾವುದೋ ಪ್ರೀತಿಯ ಮಾತೇ ಇರಬೇಕು, ಆ ವಿಧವೆ ಕಿಟಕಿಯ ಬಳಿ ಅಳುವ ಜಾಗ ಇರಬೇಕು ಅಂದುಕೊಂಡೆ. ಅದೇ ಹೊತ್ತಿಗೆ ಗಂಧದ ಚೂರು ಸಿಡಿದು ಗುಂಡಿ ಟಪ್ಪೆಂದು ಮೇಲೆದ್ದಿತು. ನಿಧಾನದ ಗುಂಡಿಯನ್ನು ಒತ್ತುತ್ತಾ ಹೋದೆ. ಅವಳ ದನಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೆಲಕ್ಕೆ ಬಂತು.

"ಬಂದೆ ಕಣ್ರೀ, ಇದೊಂದು ಪುಟ... ಹಾಲಾ? ಅಯ್ಯೋ, ಗ್ಯಾಸ್ ಆಫ್ ಮಾಡ್ರೀ, ಅಲ್ಲೇ ನಿಂತು ಕರೀತೀರಲ್ಲ, ಉಕ್ತು, ಉಕ್ತು..." ಪಾತ್ರೆಯೊಂದು ಬಿದ್ದ ಸದ್ದು. ಆಮೇಲೆ ಬಟ್ಟೆ ಕೊಡವಿ ಕೂತಂತೆ ಒಂದು ಗಳಿಗೆ. ಮತ್ತೆ ಅದೇ ಊರಿಲ್ಲದ ಕನ್ನಡದಲ್ಲಿ ಮುಂದಿನ ಸಾಲು. ಅದನ್ನು ಕತ್ತರಿಸಿ ತೆಗೆಯಲು ಯಾರೋ ಮರೆತಿದ್ದರು.

ಮುಂದಿನ ಗುರುತಿಗೆ ಹೋದೆ. ಅಲ್ಲಿ ಅವಳು ಎರಡು ಸಲ ಸೀನಿ, ತನಗೆ ತಾನೇ ನಕ್ಕಳು. ಮೂರನೆಯ ಗುರುತಿನಲ್ಲಿ ಹಿರಿಯ ಮೈದುನ ಬಾಗಿಲಿಗೆ ಬೀಗ ಹಾಕುತ್ತಾನೆ. ಸಾಲು ಮುಗಿದ ಮೇಲೆ ಬಹಳ ಮೆಲ್ಲಗೆ, ಪುಸ್ತಕದಲ್ಲಿ ಇಲ್ಲದ ಒಂದು ಮಾತು: "ದರಿದ್ರದವನು." ಗುರುತು ಇದ್ದದ್ದು ಅಷ್ಟೇ.

"ಇವನ್ನ ಯಾಕೆ ಗುರುತು ಹಾಕಿದ್ದು?" ಎಂದೆ.

ಇವರು ನಾಚಿದರು. ಈ ವಯಸ್ಸಿನಲ್ಲಿ ಗಂಡಸು ನಾಚಿದ್ದನ್ನು ನೋಡುವುದು ಕಷ್ಟ. "ಅಲ್ಲೆಲ್ಲ ಆಕೆ ಮನೆಯಲ್ಲಿದ್ದಾಳೆ" ಎಂದರು. "ನೀನು ಓದೋ ಹಾಗೆ ಉಂಟು. ಕೋಳಿ ಅಟ್ಟಿಕೊಂಡು, ಬೈಕೊಂಡು. ಮೊದಲಿಂದ ಕೇಳಿದ್ದೂ ಅದಕ್ಕೇ. ನೀನು ಬೈದ ಜಾಗದಲ್ಲಿ ಆಕೆ ಎಂತ ಮಾಡ್ತಾಳೆ ಅಂತ ನೋಡಲಿಕ್ಕೆ."

"ಮತ್ತೆ ನನ್ನದಕ್ಕೆ ಯಾಕೆ ಸ್ಪೀಡು?"

"ಆ ಕಾರ್ಡಲ್ಲಿ ನೀನೇ ಇಲ್ಲ ಮಾರಾಯ್ತಿ. ಯಾವಾಗ ಬರ್ತೀಯೋ ಅಂತ ಓಡಿಸಿ ಓಡಿಸಿ ಕೊನೆ ತನಕ ಹೋದೆ. ಬರಲೇ ಇಲ್ಲ ನೀನು."

ನಾನು ಕಡ್ಡಿ ಕೆಳಗಿಟ್ಟೆ. ಹತ್ತಿಯಲ್ಲಿ ಗಂಧದ ವಾಸನೆ ಬರುತ್ತಿತ್ತು. ಚಿಲಕ ಜಡಿದ ಆ ಕೋಣೆ ನೆನಪಾಯಿತು. ನಾಯಿಯನ್ನೂ ಕೋಳಿಯನ್ನೂ ದೂರವಿಟ್ಟ ಹಾಗೆ ನನ್ನನ್ನೂ ಹೊರಗಿಟ್ಟು ಓದಿದ್ದೆ. ಕಣ್ಣಲ್ಲಿ ನೀರು ಬಂತು. ಇವರಿಗೆ ಕಾಣುವುದಿಲ್ಲವಲ್ಲ, ಹಾಗಾಗಿ ಒರೆಸಿಕೊಳ್ಳಲೂ ಹೋಗಲಿಲ್ಲ.

ಇಷ್ಟಾದ ಮೇಲೆ ಹೊಟ್ಟೆಕಿಚ್ಚು ಹೋಗಬೇಕಿತ್ತು. ಹೋಗಲಿಲ್ಲ. ನಾನು ವರ್ಷಗಟ್ಟಲೆ ಎದ್ದು ಕೂತು ಓದಿದ್ದು ಎಲ್ಲಿಯೂ ಉಳಿದಿಲ್ಲ, ಅವಳ ಹಾಲು ಮಾತ್ರ ಸರಿಯಾದ ಜಾಗದಲ್ಲಿ ಉಕ್ಕಿ, ಗುಂಡಿ ಒತ್ತಿದಾಗಲೆಲ್ಲ ಉಕ್ಕುವಂತೆ ಉಳಿದುಬಿಟ್ಟಿದೆ. ಅಂಥ ಅದೃಷ್ಟವೂ ಅವಳಿಗೇ ಬರಬೇಕೆ.

ಎರಡನೇ ಭಾಗವನ್ನು ಮೊದಲಿಂದ ಮತ್ತೆ ರೆಕಾರ್ಡ್ ಮಾಡಲು ಕೂತೆ, ಈ ಸಲ ಜಗಲಿಯಲ್ಲಿ. ನಾಯಿ ಕಾಲ ಬುಡದಲ್ಲಿತ್ತು. ಮಳೆ ಬಂತು, ಒಣಗಿಸಿದ ಬಟ್ಟೆ ತೆಗೆದು ಬಂದೆ. ಮೈದುನ ಒಡವೆ ಅಡವಿಟ್ಟ ಜಾಗದಲ್ಲಿ ಅವನ ಇಡೀ ಕುಲವನ್ನು ಬೈದು, ಬಾಯಿ ನಿಲ್ಲದೆ, "ಆ ಮಹಾತಾಯಿ ಇದನ್ನ ಹೆಂಗೆ ಓದ್ತಿದ್ಲೋ, ನಾ ಕಾಣೆ" ಎಂದೂ ಹೇಳಿದೆ. ಮೊದಲ ಅಧ್ಯಾಯ ಮುಗಿದದ್ದೇ ಮಡಿಕೇರಿಗೆ ಹೋಗಿ ಎಂಪಿ-ತ್ರೀ ಮಾಡಿಸಿಕೊಂಡು ಬಂದೆ.

ಮಧ್ಯಾಹ್ನ ಅಡಿಗೆಮನೆಯ ಕಿಟಕಿಯ ಹಿಂದೆ ನಿಂತು ಕಾದೆ. ನಾಯಿ ಬೊಗಳಿತು, ಬಟ್ಟೆ ಒಳಗೆ ಬಂತು, ಒಡವೆ ಹೋಯಿತು. ಸ್ಪೀಡ್ ಎನ್ನುವ ಮಾತು ಬರಲಿಲ್ಲ. ಮಹಾತಾಯಿಯ ಜಾಗ ಬಂದಾಗ ಇವರು ಗಟ್ಟಿಯಾಗಿ ನಕ್ಕರು. ಯಂತ್ರ "ಬುಕ್‌ಮಾರ್ಕ್ ಒನ್" ಎಂದಿತು.

ಒಂದು. ಅವಳಿಗೆ ಮೂರಿವೆ. ಎರಡನೇ ಅಧ್ಯಾಯಕ್ಕೆ ಕೂರುವ ಮೊದಲು ನಾನು ಗ್ಯಾಸ್ ಹಚ್ಚಿ ಹಾಲಿಟ್ಟು ಬಂದೆ.